ಹಡಗಿನಲ್ಲಿ ಅದಲುಬದಲಾದ ಹೆಸರು

ಅದು ನಿಜಾಮರ ಆಳ್ವಿಕೆಯ ಕಾಲ. ಕಮಲಾಪುರದ ಕೆಂಪು ಬಾಳೆಹಣ್ಣಿಗೆ ಆಗಲೂ ಕಲಬುರಗಿ ಪೇಟೆಯಲ್ಲಿ ಒಳ್ಳೆಯ ಹೆಸರಿತ್ತು. ಆದರೆ ಒಂದೇ ತೋಟಕ್ಕೆ ಮೂರು ಮನೆ ಜೋತುಬಿದ್ದರೆ ಯಾರ ಹೊಟ್ಟೆಯೂ ತುಂಬುವುದಿಲ್ಲ. ಹೀಗಾಗಿ ಊರಿನ ಗಂಡಸರು ಕಲಬುರಗಿಗೆ ಹೋಗಿ, ಅಲ್ಲಿಂದ ರೈಲು ಹತ್ತಿ ಬೊಂಬಾಯಿ ಸೇರುತ್ತಿದ್ದರು. ಗಿರಣಿಗೆ ಹೋದವರು ಹಬ್ಬಕ್ಕೆ ತಿರುಗಿ ಬರುತ್ತಿದ್ದರು. ಹಡಗಿಗೆ ಹೋದವರ ಸುದ್ದಿ ಮಾತ್ರ ಬರುತ್ತಿತ್ತು. ಅದೂ ದಲಾಲನ ಬಾಯಿಂದ.

ಶಂಕ್ರಮ್ಮನ ಗಂಡ ಮರೆಪ್ಪ ಹಾಗೆ ಹೋದವನು. ದಲಾಲ ಊರಬಾಗಿಲಿನ ಅಗಸಿ ಕಟ್ಟೆಯ ಮೇಲೆ ಕುಳಿತು ಜನ ಸೇರಿಸಿ ಹೇಳಿದ್ದ.

"ಹಡಗ ಅಂದ್ರ ನೀರಿನ ಮ್ಯಾಲ ತೇಲೂ ಅರಮನಿ. ಹಗಲೆಲ್ಲ ತಂಪು ಗಾಳಿ. ಹಗ್ಗ ಜಗ್ಗೂದು, ನೆಲ ತೊಳಿಯೂದು, ಇಷ್ಟೇ ಕೆಲಸ. ನಾಕು ದೇಶ ನೋಡ್ಕೋತ ಬರ್ತೀರಿ."

ಯಾವ ಹಡಗು ಎಂದು ಮರೆಪ್ಪ ಕೇಳಲಿಲ್ಲ. ಯಾರ ಕೈಕೆಳಗೆ ಕೆಲಸ ಎಂದೂ ಕೇಳಲಿಲ್ಲ. ಬುತ್ತಿ ಕಟ್ಟಿಸಿಕೊಂಡು ಹೋದ.

ಮುಂದಿನ ವರ್ಷ ಅದೇ ದಲಾಲ ಒಬ್ಬನೇ ಬಂದ. ಅಂಗಳದಲ್ಲಿ ನಿಂತವನು ಒಳಗೆ ಬರಲಿಲ್ಲ. "ಮರೆಪ್ಪ ಬಿಸಿಲು ತಡೀಲಿಲ್ರಿ. ಹೋಗಿಬಿಟ್ಟ. ಹೆಣ ನೀರಿಗಿ ಬಿಟ್ರು," ಎಂದ. ಅಷ್ಟೇ ಮಾತು.

ಹೆಣವಿಲ್ಲದ ಮನೆಯವರು ಏನು ಮಾಡಬೇಕು? ಅತ್ತೆ ಗುಂಡಮ್ಮ ಮಗನ ಅಂಗಿ, ಧೋತರ, ರುಮಾಲು ತಂದಳು. ಅವನ್ನೇ ತೋಟದ ಬದುವಿನಲ್ಲಿ ಮಣ್ಣು ಮಾಡಿ ಮೇಲೆ ಕಲ್ಲು ಪೇರಿಸಿದರು. ಶಂಕ್ರಮ್ಮನ ಬಳೆ ಒಡೆದರು. ಅವಳು ಅಳುವುದನ್ನೂ ಮರೆತು ಆ ಕಲ್ಲುಗಳನ್ನು ನೋಡುತ್ತ ನಿಂತಳು. ಅದರ ಕೆಳಗೆ ತನ್ನ ಗಂಡ ಇಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಅವತ್ತಿನಿಂದ ಯಾರೂ ಆ ಕಲ್ಲು ತುಳಿಯಲಿಲ್ಲ.

ಮತ್ತೊಂದು ಬೇಸಿಗೆ ಬಂತು. ಒಂದು ಸಂಜೆ ನೆರೆಮನೆಯ ಅಣವೀರಪ್ಪ ಕಲಬುರಗಿಯಿಂದ ಬಂಡಿ ಹೊಡೆದುಕೊಂಡು ಬಂದ. ಪೇಟೆಗೆ ಹಣ್ಣು ಒಯ್ಯುವುದು ಅವನ ಕೆಲಸ. ಎತ್ತು ಬಿಚ್ಚುವುದಕ್ಕೂ ಮೊದಲು ಶಂಕ್ರಮ್ಮನ ಬಾಗಿಲಿಗೆ ಬಂದು ನಿಂತ. ಅವನ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು.

"ಶಂಕ್ರವ್ವಾ, ಒಂದು ಮಾತು ಹೇಳ್ತೀನಿ, ಹೆದರಬ್ಯಾಡ."

"ಏನ್ರಿ ಕಾಕಾ?"

"ನಾ ನಿನ್ನ ಗಂಡನ್ನ ನೋಡ್ದೆ."

ಶಂಕ್ರಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಒಳಗಿನಿಂದ ಗುಂಡಮ್ಮ ಬಂದಳು. ಮೈದುನ ನೀಲಕಂಠನೂ ಬಂದ.

"ಕಲಬುರಗ್ಯಾಗ ದರ್ಗಾದ ಹಾದ್ಯಾಗ ಒಂದು ಮನಿ ಕಟ್ಟಿ ಮ್ಯಾಲ ಕುಂತಿದ್ದ," ಎಂದ ಅಣವೀರಪ್ಪ. "ಮೈ ಕರ್ರಗಾಗ್ಯಾದ. ರೆಪ್ಪಿ ಸುಟ್ಟು ಹೋಗ್ಯಾವ. ಆದ್ರ ಮಾರಿ ಅವಂದೇ. 'ಮರೆಪ್ಪಾ' ಅಂತ ಕರದೆ. ನನ್ನ ಕಡಿ ನೋಡ್ದ, ಆದ್ರ ನನ್ನ ಹಿಂದಿನ ಗ್ವಾಡಿ ನೋಡ್ದಂಗ ನೋಡ್ದ. ಅಷ್ಟ್ರಾಗ ಓಣ್ಯಾಗಿನ ಯಾರೋ 'ಇಮಾಮುದ್ದೀನ್' ಅಂದ್ರು. ಗಕ್ಕನೆ ಎದ್ದು ನಿಂತು 'ಹಾಜರ್' ಅಂದ."

ಗುಂಡಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಮಣ್ಣು ಸಿಗಲಾರದ ಜೀವ ಅದು. ನೀರಾಗ ಸತ್ತವರು ಹಾಂಗೇ ತಿರಗತಾರ. ಯಾರದೋ ಮೈಯಾಗ ಹೊಕ್ಕಿರ್ತದ. ಆ ಹಾದಿ ತುಳೀಬ್ಯಾಡ್ರಿ."

ಅವತ್ತು ಶಂಕ್ರಮ್ಮ ಒಲೆ ಹೊತ್ತಿಸಲಿಲ್ಲ. ಬೆಳಗಾದ ಮೇಲೆ ಅತ್ತೆಯ ಮುಂದೆ ಬಂದು ನಿಂತಳು.

"ನಾ ಹೋಗಿ ಮಾರಿ ನೋಡಿ ಬರ್ತೀನ್ರಿ ಅತ್ತಿ."

"ದೆವ್ವದ ಮಾರಿ ನೋಡ್ತೀಯೇನ?"

"ದೆವ್ವ ಆದ್ರೂ ನನ್ನ ಗಂಡಂದೇ ಅಲ್ಲೇನ್ರಿ?"

ಗುಂಡಮ್ಮ ಮುಖ ತಿರುಗಿಸಿದಳು. ನೀಲಕಂಠ ಜೊತೆಗೆ ಬರುತ್ತೇನೆಂದ. ಅವನಿಗೆ ಅವನದೇ ಕಾರಣವಿತ್ತು. ಮಳೆಗಾಲಕ್ಕೆ ಮೊದಲು ತಾನೂ ಹಡಗಿಗೆ ಹೋಗುತ್ತೇನೆಂದು ಅವನು ಅದೇ ದಲಾಲನಿಗೆ ಮಾತು ಕೊಟ್ಟಿದ್ದ. "ಅಣ್ಣನ ನಸೀಬ ಕೆಟ್ಟಿತ್ತು, ಎಲ್ಲರದೂ ಕೆಟ್ಟಿರ್ತದೇನು?" ಎಂದು ಮನೆಯಲ್ಲಿ ವಾದಿಸುತ್ತಿದ್ದ.

ಅಣವೀರಪ್ಪನ ಬಂಡಿಯಲ್ಲೇ ಹೊರಟರು. ಹಾದಿಯಲ್ಲಿ ಒಂದು ಊರಿನಲ್ಲಿ ತಂಗಿ, ಮರುದಿನ ಕಪನೂರ ದಾಟಿದರು. ದೂರದಲ್ಲಿ ಕಲಬುರಗಿಯ ಕೋಟೆ ಬಿಸಿಲಲ್ಲಿ ಅಲುಗಾಡಿದಂತೆ ಕಂಡಿತು. ಶಂಕ್ರಮ್ಮ ಸೆರಗು ಎಳೆದುಕೊಂಡು ಮನಸ್ಸಿನಲ್ಲೇ ಅಲ್ಲಿನ ದೇವರು ಶರಣಬಸಪ್ಪನನ್ನು ನೆನೆದಳು. ಕಟ್ಟೆಯ ಮೇಲೆ ಕಂಡವನು ತನ್ನ ಗಂಡನೇ ಆಗಿರಲಿ ಎಂದು ಬೇಡಬೇಕೋ, ಆಗದಿರಲಿ ಎಂದು ಬೇಡಬೇಕೋ ಅವಳಿಗೆ ತಿಳಿಯಲಿಲ್ಲ.

ಆ ಮನೆ ರೋಷನಬಿಯದು. ಕೌದಿ ಹೊಲಿದು ಬದುಕುವ ಹೆಂಗಸು. ಅವಳ ಗಂಡ ಇಮಾಮುದ್ದೀನ್ ಬಹಳ ವರ್ಷಗಳಿಂದ ಹಡಗಿನಲ್ಲಿ ಬೆಂಕಿ ಕೆಲಸದವನು. ಬಾಗಿಲಲ್ಲಿ ನಿಂತ ಮೂವರನ್ನು ನೋಡಿ ಅವಳು ಸೂಜಿ ಕೆಳಗಿಟ್ಟಳು.

"ಯಾರ ಬೇಕವ್ವಾ?"

"ಇಲ್ಲಿ ಒಬ್ಬರು ಇದ್ದಾರಂತಲ್ರಿ, ಅವರನ್ನ ನೋಡ್ಬೇಕಿತ್ತು."

ರೋಷನಬಿ ಕಟ್ಟೆಯ ಕಡೆ ಕೈ ತೋರಿಸಿದಳು. ಅಲ್ಲಿ ಒಬ್ಬ ಗೋಡೆಗೆ ಮುಖ ಮಾಡಿ ನಿಂತಿದ್ದ. ಸೊಂಟ ಬಗ್ಗಿಸುತ್ತಿದ್ದ, ಎರಡೂ ಕೈಯಿಂದ ಏನನ್ನೋ ಬಾಚಿ ಎತ್ತುತ್ತಿದ್ದ, ಮುಂದಕ್ಕೆ ಎಸೆಯುತ್ತಿದ್ದ. ಕೈಯಲ್ಲಿ ಏನೂ ಇರಲಿಲ್ಲ. ಮತ್ತೆ ಬಗ್ಗುತ್ತಿದ್ದ, ಮತ್ತೆ ಎಸೆಯುತ್ತಿದ್ದ. ಉಸಿರು ಬಿಟ್ಟರೆ ಬೇರೆ ಸಪ್ಪಳವಿಲ್ಲ.

ಶಂಕ್ರಮ್ಮ ಬೆನ್ನು ನೋಡಿಯೇ ಗುರುತು ಹಿಡಿದಳು. ಎಡ ಭುಜ ಸ್ವಲ್ಪ ಇಳಿದ ಬೆನ್ನು.

"ಇದು ಕಲ್ಲಿದ್ದಲು ಹಾಕೂದು," ಎಂದಳು ರೋಷನಬಿ, ಮೆಲ್ಲನೆ. "ಹಡಗಿನ ಹೊಟ್ಟ್ಯಾಗ ಭಟ್ಟಿ ಇರ್ತಾವ. ಅವಕ್ಕ ಇದ್ದಲು ಹಾಕ್ಕೋತ ಇರ್ಬೇಕು. ನನ್ನ ಗಂಡನೂ ರಜಾಕ್ಕ ಬಂದಾಗ ನಿದ್ದ್ಯಾಗ ಹೀಂಗೇ ಕೈ ಆಡಿಸ್ತಿದ್ದ. ಆದ್ರ ಇವ ಎಚ್ಚರ ಇದ್ದಾಗ ಮಾಡ್ತಾನ. ಒಲಿ ಹಚ್ಚಿದ್ರ ಸಾಕು, ಬೆಂಕಿ ಮುಂದ ಬಂದು ನಿಂದರ್ತಾನ. ಅದಕ್ಕ ನಾ ಬಾಜೂ ಮನ್ಯಾಗ ರೊಟ್ಟಿ ಬಡೀಲಾಕತ್ತೀನಿ."

"ಇಲ್ಲಿಗಿ ಹ್ಯಾಂಗ ಬಂದ್ರಿ ಇವರು?"

"ಸಂಗಾತ ಕೆಲಸ ಮಾಡವರು ರೈಲಿನ್ಯಾಗ ಕೂಡ್ಸಿ ಕಳಿಸ್ಯಾರ. ಠೇಸನ್ನಿಂದ ಯಾರನ್ನೂ ಕೇಳಲಾರದೆ ನೆಟ್ಟಗ ನನ್ನ ಬಾಗಿಲಿಗಿ ಬಂದ. 'ರೋಷನ್, ನಾ ಇಮಾಮುದ್ದೀನ್, ಬಂದೀನಿ' ಅಂದ. ಯಾ ಅಲ್ಲಾ! ಮಾರಿ ಬ್ಯಾರೆ, ಧ್ವನಿ ಬ್ಯಾರೆ. ನಾ ಬಾಗಿಲು ಹಾಕ್ಕೊಂಡೆ. ಆಗ ಹೊರಗ ನಿಂತು ಹೇಳ್ದ, ನಮ್ಮ ಬಾವ್ಯಾಗ ನನ್ನ ಬೆಳ್ಳಿ ಉಂಗುರ ಬಿದ್ದದ್ದು, ನಾ ಅತ್ತದ್ದು, ಅವ ನಕ್ಕದ್ದು. ಅದು ನನ್ನ ಗಂಡಗ ಬಿಟ್ರ ಈ ದುನಿಯಾದಾಗ ಯಾರಿಗೂ ಗೊತ್ತಿದ್ದಿಲ್ಲ."

ನೀಲಕಂಠ ಒಂದು ಹೆಜ್ಜೆ ಹಿಂದೆ ಸರಿದ.

"ಓಣಿಯವರು ಮಾತಾಡ್ತಾರ, ಆಡ್ಲಿ," ಎಂದಳು ರೋಷನಬಿ. "ಕಟ್ಟಿ ಮ್ಯಾಲ ಕುಂತವಗ ಒಂದು ರೊಟ್ಟಿ ಕೊಟ್ಟೀನಿ, ಅಷ್ಟೇ. ಇನ್ನೊಂದು ಮಾತು. 'ಇಮಾಮುದ್ದೀನ್' ಅಂತ ಕರದ್ರನ ನೀರು ಕುಡೀತಾನ. ಹಂಗೇ ಕೊಟ್ರ, ನಾಲಿಗಿ ಒಣಗಿದ್ರೂ ಮುಟ್ಟಾಂಗಿಲ್ಲ. ಅಂಥಾ ಹೆದರಿಕಿ."

ಶಂಕ್ರಮ್ಮ ಮಣ್ಣಿನ ಗಡಿಗೆಯಿಂದ ಚರಿಗೆ ತುಂಬಿಕೊಂಡು ಕಟ್ಟೆಯ ಹತ್ತಿರ ಹೋದಳು. "ನೋಡ್ರಿ," ಎಂದಳು. ಅವನು ನೋಡಲಿಲ್ಲ. "ಏನ್ರಿ, ನಾ ಬಂದೀನಿ." ಅವನು ಬಗ್ಗಿದ, ಎತ್ತಿದ, ಎಸೆದ. ತುಟಿ ಒಡೆದು ರಕ್ತ ಹೆಪ್ಪುಗಟ್ಟಿತ್ತು.

ಆ ಕಾಲದ ಹೆಣ್ಣುಮಕ್ಕಳು ಗಂಡನ ಹೆಸರು ಹಿಡಿಯುತ್ತಿರಲಿಲ್ಲ. ಒಗಟು ಕಟ್ಟಿ ಹೇಳಿದರೂ ಮುಖ ಮುಚ್ಚಿಕೊಂಡು ನಗುತ್ತಿದ್ದರು. ಶಂಕ್ರಮ್ಮ ಲಗ್ನವಾದಾಗಿನಿಂದ ಆ ಹೆಸರನ್ನು ಬಾಯಿಂದ ಆಡಿರಲಿಲ್ಲ. ಈಗ ಚರಿಗೆಯನ್ನು ಅವನ ಮುಖದ ಮುಂದೆ ಹಿಡಿದು ಹೇಳಿದಳು.

"ಮರೆಪ್ಪ."

ಅವನ ಕೈ ನಿಂತಿತು.

"ಮರೆಪ್ಪ, ನೀರು ಕುಡೀರಿ. ಕಮಲಾಪುರದ ಮರೆಪ್ಪ, ಗುಂಡಮ್ಮನ ಮಗ ಮರೆಪ್ಪ, ಕುಡೀರಿ. ಯಾರೂ ಏನೂ ಅನ್ನಾಂಗಿಲ್ಲ."

ಅವನು ಹಿಂದೆ ತಿರುಗಿ ನೋಡಿದ, ಯಾರೋ ಕೇಳಿಸಿಕೊಳ್ಳುತ್ತಿದ್ದಾರೇನೋ ಎಂಬಂತೆ. ಆಮೇಲೆ ಚರಿಗೆ ಕಸಿದುಕೊಂಡು, ಎರಡೂ ತೋಳಿನಿಂದ ಅದನ್ನು ಮರೆಮಾಡಿ, ಒಂದೇ ಉಸಿರಿಗೆ ಕುಡಿದ. ಕುಡಿದವನು ಕುಸಿದು ಕುಳಿತ. "ಶಂಕ್ರೀ," ಎಂದ. ಮುಖ ಮುಚ್ಚಿಕೊಂಡು ಬಿಕ್ಕಿದ.

ಮಾತು ತುಂಡು ತುಂಡಾಗಿ ಹೊರಬಂತು. ಶಂಕ್ರಮ್ಮ ಅವನ ಕೈ ಬಿಡಲಿಲ್ಲ. ರೋಷನಬಿ ಬಾಗಿಲಿಗೆ ಒರಗಿ ನಿಂತು ಕೇಳಿದಳು.

ದಲಾಲ ಹೇಳಿದ ತಂಪು ಗಾಳಿ ಅವನಿಗೆ ಕಾಣಲೇ ಇಲ್ಲ. ಹಡಗು ಹತ್ತಿದ ದಿನವೇ ಕಬ್ಬಿಣದ ಏಣಿಯಿಂದ ಕೆಳಗೆ ಇಳಿಸಿದರು. ಅಲ್ಲಿ ಹಗಲು ರಾತ್ರಿ ಎಂಬುದಿಲ್ಲ. ಮುಂದೆ ಭಟ್ಟಿಯ ಬಾಯಿ, ಹಿಂದೆ ಇದ್ದಲಿನ ಕತ್ತಲ ಖೋಲಿ. ಕೆಲಸದವರ ಮೇಲೆ ಒಬ್ಬ ಸಾರಂಗ, ಅಂದರೆ ಅವರ ಮುಖ್ಯಸ್ಥ. ನೀರು ಕೊಡುವುದು ಅವನ ಕೈಯಲ್ಲಿ, ನಿದ್ದೆ ಕೊಡುವುದೂ ಅವನ ಕೈಯಲ್ಲಿ. ಹಡಗು ಕೆಂಪು ಸಮುದ್ರಕ್ಕೆ ಬಂದಾಗ ಹೊರಗಿನ ಬಿಸಿಲೂ ಒಳಗಿನ ಬೆಂಕಿಯೂ ಒಂದಾದವು. ಹಿಡಿದ ಸಲಿಕೆಗೆ ಅಂಗೈ ಚರ್ಮ ಅಂಟುತ್ತಿತ್ತು. ಒಬ್ಬ ಕೆಲಸಗಾರ ಕಿರುಚುತ್ತ ಏಣಿ ಹತ್ತಿ ಹೋದವನು ಸಮುದ್ರಕ್ಕೆ ಹಾರಿಬಿಟ್ಟ. ಅವನ ಹೆಸರನ್ನು ಆಮೇಲೆ ಯಾರೂ ಎತ್ತಲಿಲ್ಲ.

"ಇಮಾಮುದ್ದೀನ್ ಭಾಯಿ ಹಳಬ," ಎಂದ ಮರೆಪ್ಪ. "ನನಗ ಕೆಲಸ ಕಲಿಸ್ದ. ತನ್ನ ಪಾಲಿನ ನೀರಾಗ ನನಗೂ ಕೊಡ್ತಿದ್ದ. ಬಾವಿ ಮಾತು, ಉಂಗುರದ ಮಾತು, ಈ ಮನಿ ಮಾತು ಹೇಳ್ತಿದ್ದ. ನಾನೂ ಬಾಳಿ ತೋಟದ ಮಾತು ಹೇಳ್ತಿದ್ದೆ. ಕತ್ತಲ್ಯಾಗ ಮಾತೊಂದೇ ಇತ್ತು. ಅವ ಹಡಗಿನ ಸಾಹೇಬರ ಮುಂದ ಹೋಗಿ, ನೀರು ಸಾಲೂದಿಲ್ಲ, ಜನ ಬೀಳ್ಲಾಕತ್ತಾರ ಅಂತ ಹೇಳ್ದ. ಅವತ್ತಿಂದ ಸಾರಂಗ ಅವಗ ಬಿಡುವೇ ಕೊಡ್ಲಿಲ್ಲ. ಜ್ವರ ಇದ್ರೂ ಭಟ್ಟಿ ಮುಂದ ನಿಲ್ಲಿಸ್ದ."

ಅವನು ರೋಷನಬಿಯ ಕಡೆ ನೋಡಿದ. ಮೊದಲ ಸಲ ಅವಳನ್ನು ಅವಳಾಗಿಯೇ ನೋಡಿದ.

"ಅಕ್ಕಾ, ಭಾಯಿ ನನ್ನ ತೊಡಿ ಮ್ಯಾಲ ಸತ್ತ."

ರೋಷನಬಿ ಹೊಸ್ತಿಲ ಮೇಲೆ ಕುಳಿತಳು.

"ಸತ್ತವ ಇಮಾಮುದ್ದೀನ್ ಅಂದ್ರ ಸಾಹೇಬರು ಕೇಳ್ತಿದ್ರು, ದೂರು ಹೇಳಿದವ ಹ್ಯಾಂಗ ಸತ್ತ ಅಂತ. ಅದಕ್ಕ ಸಾರಂಗ, ಸತ್ತವ ಮರೆಪ್ಪ ಅಂತ ಹೇಳಿಬಿಟ್ಟ. ಹೊಸಬ, ಹಳ್ಳಿಯವ, ಯಾರ ಕೇಳ್ತಾರ? ಇದ್ದಲು ಮೆತ್ತಿದ ಮಾರಿ ಯಾರಿಗಿ ಗುರ್ತು ಹತ್ತತದ? ನನಗ ಹೇಳ್ದ, ಇವತ್ತಿಂದ ನೀ ಇಮಾಮುದ್ದೀನ್. ನಾ ಮರೆಪ್ಪ ಅಂದಾಗ ನೀರು ಕೊಡ್ಲಿಲ್ಲ. ಇಮಾಮುದ್ದೀನ್ ಅಂದಾಗ ಕೊಟ್ರು."

ಅವನ ಧ್ವನಿ ಇಳಿಯಿತು. "ಆಮ್ಯಾಲ ಹಾಜರಿ ಕರೀತಿದ್ರು. 'ಇಮಾಮುದ್ದೀನ್' ಅಂದಾಗ ನಾ ಬಾಯಿ ತೆರೆಯೂಕಿಂತ ಮೊದ್ಲೇ ಇದ್ದಲಿನ ಖೋಲ್ಯಾಗಿಂದ 'ಹಾಜರ್' ಅಂತ ಕೇಳ್ತಿತ್ತು. ದಿನಾ ಕೇಳ್ತಿತ್ತು. ನಾ ಅವನೋ, ಅವ ನಾನೋ ತಿಳಿಲಾರದಂಗ ಆತು."

ಮಟಮಟ ಮಧ್ಯಾಹ್ನ. ರೋಷನಬಿ ತನ್ನ ಎರಡೂ ಕೈಯ ಹಸಿರು ಬಳೆ ನೋಡಿಕೊಂಡಳು. ಆಮೇಲೆ ಶಂಕ್ರಮ್ಮನ ಬರಿಗೈ ನೋಡಿದಳು. ಬರಿಗೈಯವಳ ಗಂಡ ಬದುಕಿದ್ದ. ಬಳೆ ಇಟ್ಟವಳ ಗಂಡ ಸತ್ತು ಬಹಳ ಕಾಲವಾಗಿತ್ತು.

"ದಲಾಲ ಹೋದ ತಿಂಗಳೂ ಬಂದಿದ್ದ, ಇವ ಬರೂಕಿಂತ ಮೊದ್ಲು," ಎಂದಳು ಅವಳು. "'ನಿನ್ನ ಗಂಡ ಖುಷಾಲ ಇದ್ದಾನ' ಅಂದ. ನಾ ಅವಗ ಚಾ ಮಾಡಿ ಕೊಟ್ಟೆ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಳೆ ಒಡೆದ ಸಪ್ಪಳ ಕೇಳಿತು. ಶಂಕ್ರಮ್ಮ ಹೊರಗೆ ಕುಳಿತು ತನ್ನ ಗಂಡನಿಗಾಗಿ ಅಳದೇ ಉಳಿದಿದ್ದ ಅಳುವನ್ನೆಲ್ಲ ಆ ಹೆಂಗಸಿಗಾಗಿ ಅತ್ತಳು.

ಹೊತ್ತು ಇಳಿದ ಮೇಲೆ ರೋಷನಬಿಯೇ ಹೊರಗೆ ಬಂದಳು. ಕಣ್ಣು ಕೆಂಪಾಗಿದ್ದವು, ಮಾತು ಮಾತ್ರ ಗಟ್ಟಿಯಾಗಿತ್ತು.

"ಇವನ್ನ ನೆಟ್ಟಗ ಊರಿಗಿ ಒಯ್ಯಬ್ಯಾಡ್ರಿ. ಮೊದ್ಲು ದವಾಖಾನಿಗಿ ನಡೀರಿ."

"ಅವ್ವ ಮಂತ್ರ ಹಾಕ್ಸಬೇಕು ಅಂತಿದ್ಳು," ಎಂದ ನೀಲಕಂಠ. "ಬೇವಿನ ಬರಲಲೆ ಹೊಡದು ದೆವ್ವ ಬಿಡಸ್ತಾರಂತ."

"ಮೊದ್ಲು ಗಂಡನ ಸಂಗಾತ ಬೊಂಬಾಯ್ದಾಗ ಹಡಗಿನವರ ಓಣ್ಯಾಗ ಬಾಳ್ವಿ ಮಾಡೀನಿ, ತಮ್ಮಾ. ಅಲ್ಲಿ ಇಂಥವರನ್ನ ಭಾಳ ನೋಡೀನಿ. ದೆವ್ವ ಬಿಡಸ್ತೀವಿ ಅಂತ ಬಡದವರ ಮನ್ಯಾಗ ಹೆಣ ಎದ್ದದ್ದೂ ನೋಡೀನಿ. ಇದು ದೆವ್ವ ಹೊಕ್ಕದ್ದಲ್ಲ. ಬ್ಯಾನಿ."

ಸರಕಾರಿ ದವಾಖಾನೆಯ ಡಾಕ್ಟರು ಮರೆಪ್ಪನ ಕಣ್ಣು, ನಾಲಿಗೆ, ಅಂಗೈ ನೋಡಿದರು. ಬೆನ್ನ ಮೇಲಿನ ಬೊಬ್ಬೆ ನೋಡಿ ತಲೆ ಅಲ್ಲಾಡಿಸಿದರು.

"ದೆವ್ವ ಅಲ್ಲ, ತಾಯಿ. ಝಳ ತಲೆಗೇರ್ಯಾದ. ನಿದ್ದಿಲ್ಲ, ನೀರಿಲ್ಲ, ಮ್ಯಾಲ ಹೆದರಿಕಿ. ಇಂಥಾ ಹೊತ್ತಿನ್ಯಾಗ ಕಿವಿಗಿ ಇಲ್ಲದ ಧ್ವನಿ ಕೇಳ್ತಾವ. ಹೊಡೀಬ್ಯಾಡ್ರಿ, ಉಪಾಸ ಕೆಡವಬ್ಯಾಡ್ರಿ, ಹೊಗಿ ಹಾಕಬ್ಯಾಡ್ರಿ. ತಂಪು ಜಾಗಾ, ಹೊಟ್ಟಿತುಂಬ ಊಟ, ಮನಿ ಜನ. ಒಬ್ಬನ್ನೇ ಬಿಡಬ್ಯಾಡ್ರಿ. ಔಷಧ ಮುಗದ ಮ್ಯಾಲ ಮತ್ತ ತೋರಸ್ರಿ."

ಕೆಲವು ದಿನ ಅಲ್ಲೇ ಇಟ್ಟುಕೊಂಡರು. ಜ್ವರ ಇಳಿಯಿತು, ನಿದ್ದೆ ಬಂತು. ಊರಿಗೆ ಹೊರಡುವಾಗ ರೋಷನಬಿ ತಾನೂ ಬಂಡಿ ಹತ್ತಿದಳು. "ನೀವು ಹೇಳಿದ್ರ ಯಾರೂ ನಂಬೂದಿಲ್ಲ. ಗಂಡನ್ನ ಕಳಕೊಂಡಾಕಿ ಹೇಳಿದ್ರ ನಂಬತಾರ," ಎಂದಳು.

ಕಮಲಾಪುರ ಮುಟ್ಟಿದಾಗ ಸೂರ್ಯ ನೆತ್ತಿಯ ಮೇಲೆ ಇದ್ದ. ಬಂಡಿ ತೋಟದ ಬದುವಿನಲ್ಲಿ ನಿಂತಿತು. ಸುದ್ದಿ ಮೊದಲೇ ಓಡಿತ್ತು. ಗುಂಡಮ್ಮ ಆ ಕಲ್ಲುರಾಶಿಯ ಆಚೆ ನಿಂತಿದ್ದಳು. ಅವಳ ಬೆನ್ನಿಗೆ ಓಣಿಯ ಹೆಂಗಸರು. ಮರೆಪ್ಪ ಇಳಿದು ಎರಡು ಹೆಜ್ಜೆ ನಡೆದ. ಕಲ್ಲು ನೋಡಿ ನಿಂತ.

"ಇದೇನವ್ವಾ?"

"ನೀನೇ," ಎಂದಳು ಗುಂಡಮ್ಮ. "ನಿನ್ನ ಇಲ್ಲೇ ಇಟ್ಟೀವಿ. ನನ್ನ ಕೈಯಾರ ಮಣ್ಣು ಹಾಕೀನಿ. ಹೋಗಪ್ಪಾ, ತಿರುಗಿ ಹೋಗು. ಬೇಕಾದ್ದು ಎಡಿ ಇಡ್ತೀನಿ. ಮನಿಗಿ ಮಾತ್ರ ಬರಬ್ಯಾಡ."

ಹಿಂದಿನಿಂದ ಒಬ್ಬಳು ಚೀರಿದಳು. "ನೋಡ್ರಿ, ನೋಡ್ರಿ! ನೆರಳಿಲ್ಲ ಅವಗ!"

ಎಲ್ಲರೂ ನೆಲ ನೋಡಿದರು. ನಿಜವಾಗಿಯೂ ಮರೆಪ್ಪನ ಸುತ್ತ ನೆರಳಿರಲಿಲ್ಲ. ಬಿಸಿಲು ಸುರಿಯುತ್ತಿತ್ತು, ಮನುಷ್ಯ ನಿಂತಿದ್ದ, ನೆಲ ಬೆಳ್ಳಗಿತ್ತು. ಹೆಂಗಸರು ಒಬ್ಬರ ಮೇಲೊಬ್ಬರು ಬೀಳುತ್ತ ಹಿಂದೆ ಸರಿದರು. ಶಂಕ್ರಮ್ಮನೂ ಬಗ್ಗಿ ನೆಲ ನೋಡಿದಳು.

ರೋಷನಬಿ ಬಂಡಿಯಿಂದ ಇಳಿದು ಗುಂಡಮ್ಮನ ಹತ್ತಿರ ನಡೆದು ಬಂದಳು.

"ನಿನ್ನ ನೆರಳು ಎಲ್ಲದ ಯವ್ವಾ? ತೋರ್ಸು."

ಗುಂಡಮ್ಮ ಕೆಳಗೆ ನೋಡಿಕೊಂಡಳು. ಅವಳ ಪಾದದ ಸುತ್ತ ಏನೂ ಇರಲಿಲ್ಲ. ಹೆಂಗಸರೂ ತಮ್ಮ ತಮ್ಮ ಕಾಲು ನೋಡಿಕೊಂಡರು.

"ಹೊತ್ತು ನೆತ್ತಿಗಿ ಬಂದ್ರ ಎಲ್ಲರ ನೆರಳೂ ಕಾಲ ಕೆಳಗೇ," ಎಂದಳು ರೋಷನಬಿ. "ಸತ್ತವ ಇವ ಅಲ್ಲ. ಸತ್ತವ ನನ್ನ ಗಂಡ. ನನ್ನ ಗಂಡನ ಹೆಸರು ಇವಗ ಹಚ್ಚಿದ್ರು, ಇವನ ಹೆಸರು ನನ್ನ ಗಂಡನ ಹೆಣಕ್ಕ ಹಚ್ಚಿದ್ರು. ನಾ ನನ್ನ ಬಳಿ ಒಡಕೊಂಡು ಬಂದು ನಿನ್ನ ಮಗನ್ನ ಕೊಡ್ಲಾಕತ್ತೀನಿ. ಮುಟ್ಟಿ ನೋಡು."

ಗುಂಡಮ್ಮ ಕಲ್ಲುರಾಶಿ ಬಳಸಿಕೊಂಡು ಬಂದಳು. ಬಹಳ ಹೊತ್ತು ಹಿಡಿಯಿತು. ಮಗನ ಎದೆಯ ಮೇಲೆ ಅಂಗೈ ಇಟ್ಟಳು. ಒಳಗೆ ಬಡಿದುಕೊಳ್ಳುತ್ತಿತ್ತು. "ಬಿಸಿ ಅದಾನ," ಎಂದಳು. "ನನ್ನ ಕೂಸು ಬಿಸಿ ಅದಾನ." ಅಲ್ಲೇ ಅವನ ಕಾಲ ಬಳಿ ಕುಳಿತುಬಿಟ್ಟಳು.

ಆಮೇಲೆ ಕೆಲವರು ಕಲ್ಲು ತೆಗೆಯಲು ಬಗ್ಗಿದರು. ರೋಷನಬಿ ತಡೆದಳು.

"ತೆಗೀಬ್ಯಾಡ್ರಿ. ನನ್ನ ಗಂಡಗ ಎಲ್ಲೂ ಮಣ್ಣು ಸಿಕ್ಕಿಲ್ಲ. ಇವನ ಹೆಸರಿಲೆ ಸತ್ತವಗ ಇವನ ಅಂಗಿ ಮಣ್ಣೇ ಸಾಕು."

ಗುಂಡಮ್ಮ ತಲೆಯಾಡಿಸಿದಳು. ರೋಷನಬಿ ಅಲ್ಲೇ ನಿಂತು ಎರಡೂ ಕೈ ಎತ್ತಿ ಗಂಡನಿಗಾಗಿ ದುವಾ ಮಾಡಿದಳು. ಅವಳ ಪಕ್ಕದಲ್ಲಿ ಗುಂಡಮ್ಮ ಸೆರಗು ಹೊದ್ದು ನಿಂತಳು.

ಮಳೆ ಬೀಳುವುದಕ್ಕೆ ಮೊದಲು ದಲಾಲ ಬಂದ. ಮರೆಪ್ಪ ತಿರುಗಿ ಬಂದದ್ದು ಅವನಿಗೆ ತಿಳಿದಿರಲಿಲ್ಲ. ಅಗಸಿ ಕಟ್ಟೆಯ ಮೇಲೆ ಕುಳಿತು ನೀಲಕಂಠನನ್ನೂ ಇನ್ನಿಬ್ಬರನ್ನೂ ಕರೆದ. ನೀಲಕಂಠ ಎದುರಿಗೆ ನಿಂತೇ ಕೇಳಿದ.

"ಯಾವ ಹಡಗ್ರಿ?"

"ಅಲ್ಲಿ ಹೋದ ಮ್ಯಾಲ ಗೊತ್ತಾಗ್ತದ."

"ಸಾರಂಗ ಯಾರು? ಎಲ್ಲಿ ಮಟ ಹೋಗ್ತದ? ನನ್ನ ಹೆಸರಿಲೇ ಹತ್ತಸ್ತೀರೋ, ಮತ್ತೊಬ್ಬರ ಹೆಸರಿಲೋ?"

"ಹೆಸರು ಯಾವುದಾದ್ರ ಏನೋ? ಕೆಲಸ ಆದ್ರ ಆತು."

ಅಷ್ಟರಲ್ಲಿ ಮರೆಪ್ಪ ಹೆಂಡತಿಯ ಜೊತೆ ತೋಟದಿಂದ ಬರುತ್ತಿದ್ದ. ದಲಾಲನ ಮುಖದ ಬಣ್ಣ ಹೋಯಿತು. ಹಡಗಿನಲ್ಲಿ ಹೆಸರು ಬದಲಾದದ್ದು ಅವನಿಗೆ ಗೊತ್ತಿತ್ತು. ಗಾಬರಿಯಲ್ಲಿ ಅವನ ಬಾಯಿಂದ ಬಂದದ್ದು ಒಂದೇ ಮಾತು.

"ಇಮಾಮುದ್ದೀನ್!"

ಮರೆಪ್ಪನ ಬೆನ್ನು ನೆಟ್ಟಗಾಯಿತು. ಎರಡೂ ಕೈ ಸಲಿಕೆ ಹಿಡಿದಂತೆ ಮುಂದೆ ಬಂದವು. ತುಟಿ ತೆರೆಯಿತು. ಶಂಕ್ರಮ್ಮ ಅವನ ತೋಳು ಹಿಡಿಯಲು ಹೋದವಳು ತಡೆದು ನಿಂತಳು. ಅವನು ಹಿಂದೆ ತಿರುಗಿ ನೋಡಿದ. ಹಿಂದೆ ಬರಿಯ ಹಾದಿಯಿತ್ತು. ಯಾರೂ ಅವನಿಗಿಂತ ಮೊದಲು ಉತ್ತರ ಕೊಡಲಿಲ್ಲ.

"ಇಮಾಮುದ್ದೀನ್ ಸತ್ತಾನ," ಎಂದ ಮರೆಪ್ಪ. "ನೀವೇ ಕೊಂದೀರಿ. ನಾ ಮರೆಪ್ಪ."

ದಲಾಲ ಬಂದ ದಾರಿಯಲ್ಲೇ ಹೋದ. ಆಮೇಲೆ ನೀಲಕಂಠನೂ ರೋಷನಬಿಯೂ ಬೊಂಬಾಯಿಗೆ ಹೋಗಿ ಬಂದರಿನ ಸಾಹೇಬರ ಮುಂದೆ ನಡೆದದ್ದೆಲ್ಲ ಹೇಳಿದರು. ಸತ್ತವನ ಹೆಸರು ತಿದ್ದಿಸಿದರು. ಸಾರಂಗನಿಗೆ ಏನಾಯಿತೋ ಕಮಲಾಪುರಕ್ಕೆ ತಿಳಿಯಲಿಲ್ಲ. ಮರೆಪ್ಪ ಮತ್ತೆ ಬಾಳೆಗೆ ನೀರು ಹಾಯಿಸಿದ. ಒಲೆಯ ಮುಂದೆ ಕೂಡುವ ಧೈರ್ಯ ಅವನಿಗೆ ಕೊನೆಯವರೆಗೂ ಬರಲಿಲ್ಲ. ಮನೆಯವರು ಅದಕ್ಕಾಗಿ ಅವನನ್ನು ಎಂದೂ ನಗೆಯಾಡಲಿಲ್ಲ.

ಓದುವ ಅಕ್ಕಂದಿರೇ, ಕೇಳುವ ಅಣ್ಣಂದಿರೇ, ಈಗ ಹಡಗಿನ ಹೊಟ್ಟೆಯಲ್ಲಿ ಇದ್ದಲು ಇಲ್ಲ. ಆದರೆ ಸಮುದ್ರ ಅದೇ, ಮನೆಯಿಂದ ದೂರ ಅಷ್ಟೇ, ಸಿಹಿ ಮಾತಿನ ದಲಾಲರೂ ಇದ್ದಾರೆ. ನಿಮ್ಮ ಮನೆಯ ಮಗ ಹಡಗಿನ ಕೆಲಸಕ್ಕೆ ಹೋಗುತ್ತೇನೆಂದರೆ ತಡೆಯಬೇಡಿ, ಆದರೆ ಕೇಳಿ. ಯಾವ ಹಡಗು, ಯಾವ ಕಂಪನಿ, ಎಷ್ಟು ತಿಂಗಳು ಎಂದು ಕೇಳಿ, ಮನೆಯ ಗೋಡೆಯ ಮೇಲೆ ಬರೆದಿಡಿ. ಕರೆದೊಯ್ಯುವವನಿಗೆ ಸರಕಾರದ ಪರವಾನಗಿ ಇದ್ದರೆ ಮಾತ್ರ ಕಳಿಸಿ. ಮತ್ತೊಬ್ಬರ ಕಾಗದದ ಮೇಲೆ, ಮತ್ತೊಬ್ಬರ ಹೆಸರಿನಲ್ಲಿ ಒಂದು ಹೆಜ್ಜೆಯನ್ನೂ ಇಡಲು ಬಿಡಬೇಡಿ. ನೀರು, ನಿದ್ದೆ, ಔಷಧ ಕೇಳುವುದು ಕೆಲಸಗಾರನ ಹಕ್ಕು, ಅದು ಯಾರ ಕೃಪೆಯೂ ಅಲ್ಲ.

ಹೋದವನು ಬೇರೆ ಮನುಷ್ಯನಾಗಿ ತಿರುಗಿ ಬಂದರೆ, ರಾತ್ರಿಯೆಲ್ಲ ಎದ್ದು ಕುಳಿತರೆ, ಯಾರೂ ಇಲ್ಲದ ಕಡೆ ಮಾತಾಡಿದರೆ, ಹೊಡೆಯಲು ಬೇವಿನ ಬರಲು ಹುಡುಕಬೇಡಿ. ದವಾಖಾನೆಗೆ ಕರೆದುಕೊಂಡು ಹೋಗಿ. ಬಾಗಿಲು ತೆರೆಯಿರಿ, ಒಂದು ಚರಿಗೆ ನೀರು ಕೊಡಿ, ಅವನ ಹೆಸರು ಹಿಡಿದು ಕರೆಯಿರಿ. ತಿರುಗಿ ನೋಡುವವರೆಗೂ ಕರೆಯಿರಿ.